ಡಾಲ್ಕನ್ ಶೀಲ್ಡ್ ಪ್ರಕರಣ: ತಪ್ಪು ವಂಕಿಯದ್ದೋ, ದಾರದ್ದೋ?

1970ರ ಫೆಬ್ರುವರಿಯಲ್ಲಿ ಅಮೆರಿಕದ ಪ್ರಮುಖ ಸ್ತ್ರೀರೋಗ ಪತ್ರಿಕೆಯೊಂದರಲ್ಲಿ ಸಣ್ಣ ಲೇಖನವೊಂದು ಬಂತು. ಬರೆದವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನ ಡಾ. ಹ್ಯೂ ಡೇವಿಸ್. ಗರ್ಭಕೋಶದೊಳಗೆ ಇಡುವ ಹೊಸ ಸಾಧನವೊಂದನ್ನು, ಅಂದರೆ ನಾವು ವಂಕಿ ಅನ್ನುತ್ತೇವಲ್ಲ, ಅದರ ಒಂದು ಬಗೆಯನ್ನು ಅವರು 640 ಹೆಂಗಸರಿಗೆ ಹಾಕಿ ನೋಡಿದ್ದರು. ಬಸಿರಾದವರು ಶೇ 1.1 ಮಾತ್ರ ಎಂದು ಬರೆದಿದ್ದರು. ಆ ಸಾಧನದ ಹೆಸರು ಡಾಲ್ಕನ್ ಶೀಲ್ಡ್.

ಕಾಲವೂ ಅದಕ್ಕೆ ಕೂಡಿಬಂದಿತ್ತು. ಹಿಂದಿನ ತಿಂಗಳಷ್ಟೇ ಅಮೆರಿಕದ ಸೆನೆಟ್‌ನಲ್ಲಿ ಗರ್ಭನಿರೋಧಕ ಗುಳಿಗೆಯ ಅಪಾಯಗಳ ವಿಚಾರಣೆ ಶುರುವಾಗಿತ್ತು. ನಡೆಸುತ್ತಿದ್ದವರು ಸೆನೆಟರ್ ಗೇಲಾರ್ಡ್ ನೆಲ್ಸನ್. ಅಲ್ಲಿ ಗುಳಿಗೆಯ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಇದೇ ಡೇವಿಸ್ ಕೂಡ ಒಬ್ಬರು. ರಕ್ತ ಹೆಪ್ಪುಗಟ್ಟುತ್ತದೆ ಎಂದು ಹೆದರಿ ಬಹಳಷ್ಟು ಹೆಂಗಸರು ಗುಳಿಗೆ ಬಿಟ್ಟರು. ಅವರಿಗೆ ಬೇರೆ ಏನಾದರೂ ಬೇಕಿತ್ತು. ಗುಳಿಗೆಯಷ್ಟೇ ಭದ್ರ, ರಕ್ತಕ್ಕೆ ಏನೂ ಸೇರುವುದಿಲ್ಲ ಎನ್ನುವ ಸಾಧನ ಕಣ್ಣೆದುರೇ ಬಂದು ನಿಂತಿತು.

ಲೇಖನದಲ್ಲಿ ಇಲ್ಲದ ಸಂಗತಿಯೇ ಮುಖ್ಯವಾಗಿತ್ತು. ಆ ಸಾಧನವನ್ನು ರೂಪಿಸಿದವರು ಡೇವಿಸ್ ಮತ್ತು ಇರ್ವಿನ್ ಲರ್ನರ್ ಎಂಬ ಎಂಜಿನಿಯರ್. ಅದರ ಒಡೆತನ ಇದ್ದದ್ದು ಡಾಲ್ಕನ್ ಎಂಬ ಪುಟ್ಟ ಕಂಪನಿಯ ಕೈಯಲ್ಲಿ. ಆ ಕಂಪನಿಯಲ್ಲಿ ಡೇವಿಸ್‌ಗೆ ಶೇ 35 ಪಾಲು ಇತ್ತು. ಓದುವ ಡಾಕ್ಟರುಗಳಿಗೆ ಇದು ಗೊತ್ತಾಗಲಿಲ್ಲ.

ಲೆಕ್ಕವನ್ನೂ ಸ್ವಲ್ಪ ನೋಡೋಣ. 640 ಹೆಂಗಸರ ಒಟ್ಟು ಬಳಕೆ 3,549 ತಿಂಗಳು. ಭಾಗಿಸಿದರೆ ಒಬ್ಬೊಬ್ಬರಿಗೆ ಸರಾಸರಿ ಐದೂವರೆ ತಿಂಗಳು. ಅಂದರೆ ಎಷ್ಟೋ ಜನ ಈಗಷ್ಟೇ ಹಾಕಿಸಿಕೊಂಡಿದ್ದವರು. ಬಸಿರಾಗಲು ಸಮಯವೇ ಸಿಕ್ಕಿರಲಿಲ್ಲ. ಜೊತೆಗೆ ವೀರ್ಯಾಣು ಕೊಲ್ಲುವ ನೊರೆಯನ್ನೂ ಬಳಸಿ ಎಂದು ಅವರಿಗೆ ಹೇಳಲಾಗಿತ್ತು. ಅದನ್ನು ಲೇಖನದಲ್ಲಿ ಹೇಳಿರಲಿಲ್ಲ. ಇಷ್ಟೆಲ್ಲ ಸೇರಿಸಿ ಬಂದ ಶೇ 1.1 ಎಂಬ ಅಂಕಿಯೇ ಮುಂದೆ ಜಾಹೀರಾತುಗಳಲ್ಲಿ ಮೆರೆಯಿತು.

1970ರ ಜೂನ್‌ನಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನ ಎ.ಎಚ್. ರಾಬಿನ್ಸ್ ಕಂಪನಿ ಇದನ್ನು ಏಳೂವರೆ ಲಕ್ಷ ಡಾಲರಿಗೂ, ಜೊತೆಗೆ ಮಾರಾಟದಲ್ಲಿ ಶೇ 10 ಪಾಲಿಗೂ ಕೊಂಡಿತು. ಕೆಮ್ಮಿನ ಸಿರಪ್, ತುಟಿಗೆ ಹಚ್ಚುವ ಮುಲಾಮು, ನಾಯಿಯ ಚಿಗಟಕ್ಕೆ ಕಟ್ಟುವ ಪಟ್ಟಿ ಮಾರುತ್ತಿದ್ದ ಕಂಪನಿ ಅದು. ಗರ್ಭನಿರೋಧಕ ಮಾರಿದ ಅನುಭವ ಅದಕ್ಕೆ ಇರಲಿಲ್ಲ. ಖರೀದಿಗೆ ಕೆಲವೇ ದಿನ ಮೊದಲು ಅದರ ವೈದ್ಯಾಧಿಕಾರಿಯೊಬ್ಬರು ಬಾಲ್ಟಿಮೋರ್‌ಗೆ ಹೋಗಿ ಹೊಸ ಲೆಕ್ಕ ತಂದಿದ್ದರು: 832 ಹೆಂಗಸರಲ್ಲಿ 26 ಬಸಿರು. ಆ ಟಿಪ್ಪಣಿ ಕಡತದೊಳಗೇ ಉಳಿಯಿತು. 1971ರ ಜನವರಿಯಲ್ಲಿ ಮಾರಾಟ ಶುರುವಾಯಿತು. ಮೂರೂವರೆ ವರ್ಷದಲ್ಲಿ ಅಮೆರಿಕದಲ್ಲೇ ಸುಮಾರು 22 ಲಕ್ಷ ಹೆಂಗಸರು ಇದನ್ನು ಹಾಕಿಸಿಕೊಂಡರು.

ಸರ್ಕಾರ ಪರೀಕ್ಷೆ ಮಾಡಲಿಲ್ಲವೇ ಅಂತ ಕೇಳಬಹುದು. ಔಷಧಿಯಾಗಿದ್ದರೆ ಮಾರುವ ಮೊದಲು ಪುರಾವೆ ಕೊಡಬೇಕಿತ್ತು. ಆದರೆ ಇದು ಪ್ಲಾಸ್ಟಿಕ್ ಸಾಧನ. ಆಗಿನ ಅಮೆರಿಕದ ಕಾನೂನಿನಲ್ಲಿ ಇಂಥ ಸಾಧನಗಳಿಗೆ ಮುಂಚಿತ ಅನುಮತಿ ಬೇಕಿರಲಿಲ್ಲ.

ದಾರದ ವಿಷಯ

ಯಾವ ವಂಕಿಯಾದರೂ ಅದಕ್ಕೊಂದು ದಾರ ಇರುತ್ತದೆ. ಗರ್ಭಕೋಶದ ಬಾಯಿಯ ಮೂಲಕ ಕೆಳಗೆ ಇಳಿದು ಯೋನಿಯಲ್ಲಿ ಸ್ವಲ್ಪ ತೂಗುತ್ತಿರುತ್ತದೆ. ವಂಕಿ ಜಾಗದಲ್ಲೇ ಇದೆಯಾ ಎಂದು ನೋಡಲು ಅದು ಬೇಕು, ತೆಗೆಯುವಾಗ ಹಿಡಿದು ಎಳೆಯಲೂ ಬೇಕು. ಬೇರೆ ವಂಕಿಗಳಲ್ಲಿ ಇದು ಒಂದೇ ಎಳೆಯ ಪ್ಲಾಸ್ಟಿಕ್ ದಾರ. ಮೀನು ಹಿಡಿಯುವ ಗಾಳಕ್ಕೆ ಕಟ್ಟುತ್ತಾರಲ್ಲ, ಅಂಥ ನಯವಾದ ದಾರ.

ಡಾಲ್ಕನ್ ಶೀಲ್ಡ್‌ಗೆ ಆ ದಾರ ಸಾಕಾಗುತ್ತಿರಲಿಲ್ಲ. ಅದರ ಎರಡೂ ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳುಗಳಿದ್ದವು. ತಾನಾಗಿ ಜಾರಿ ಬೀಳಬಾರದು ಎಂದು ಮಾಡಿದ ಏರ್ಪಾಡು ಅದು. ಬೀಳದೆ ಇರುವುದೇನೋ ಸರಿ, ಆದರೆ ಬೇಕೆಂದಾಗ ತೆಗೆಯುವುದೂ ಕಷ್ಟ. ಜೋರಾಗಿ ಎಳೆದರೂ ತುಂಡಾಗದ ದಾರ ಬೇಕಾಯಿತು. ಹಾಗಾಗಿ ಇನ್ನೂರಕ್ಕೂ ಹೆಚ್ಚು ನವಿರಾದ ನೈಲಾನ್ ಎಳೆಗಳನ್ನು ಒಟ್ಟು ಮಾಡಿ ತೆಳುವಾದ ನೈಲಾನ್ ಕೊಳವೆಯೊಳಗೆ ತುಂಬಿದರು. ಕೊಳವೆಯ ಎರಡೂ ತುದಿ ತೆರೆದೇ ಇದ್ದವು.

ಎಳೆಗಳ ನಡುವಿನ ಸಂದಿಯಲ್ಲಿ ದ್ರವ ತಾನಾಗಿ ಮೇಲಕ್ಕೆ ಏರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವುದೂ ಹೀಗೆಯೇ. ಯೋನಿಯಲ್ಲಿ ಸದಾ ಬ್ಯಾಕ್ಟೀರಿಯಾ ಇರುತ್ತವೆ, ಅದು ಸಹಜ. ಮೇಲಿರುವ ಗರ್ಭಕೋಶಕ್ಕೆ ಅವು ಹೋಗದಂತೆ ತಡೆಯುವುದು ಗರ್ಭಕೋಶದ ಬಾಯಿಯಲ್ಲಿರುವ ದಪ್ಪ ಲೋಳೆ. ಈ ದಾರ ಆ ಲೋಳೆಯನ್ನು ದಾಟಿ ಹೋಗುತ್ತಿತ್ತು. ಕೊಳವೆಯೊಳಗೆ ಸೇರಿದ ಬ್ಯಾಕ್ಟೀರಿಯಾಗಳನ್ನು ಲೋಳೆ ಮುಟ್ಟುವಂತಿರಲಿಲ್ಲ.

ಇದನ್ನು ಕಂಡುಹಿಡಿಯಲು ದೊಡ್ಡ ಪ್ರಯೋಗಾಲಯವೇನೂ ಬೇಕಾಗಲಿಲ್ಲ. 1971ರಲ್ಲೇ ಕಂಪನಿಯ ಸ್ವಂತ ಕಾರ್ಖಾನೆಯ ಗುಣಮಟ್ಟ ಮೇಲ್ವಿಚಾರಕರೊಬ್ಬರು ದಾರದ ಒಂದು ತುದಿಯನ್ನು ನೀರಿನಲ್ಲಿಟ್ಟು ನೋಡಿದರು. ನೀರು ಮೇಲೇರಿತ್ತು. ತುದಿಗಳನ್ನು ಬಿಸಿ ಮಾಡಿ ಮುಚ್ಚಿಬಿಡೋಣ ಎಂದು ಸಲಹೆಯನ್ನೂ ಕೊಟ್ಟರು. ಅದು ನಿನ್ನ ಕೆಲಸವಲ್ಲ ಎಂಬ ಧಾಟಿಯ ಉತ್ತರ ಬಂತು. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇಲ್ಲೇ. ವಿಜ್ಞಾನ ಇನ್ನೂ ಬೆಳೆದಿರಲಿಲ್ಲ ಅನ್ನುವ ನೆಪವೂ ಇಲ್ಲಿ ಇಲ್ಲ. ತೊಂದರೆ ಗೊತ್ತಾಗಿತ್ತು, ಪರಿಹಾರವೂ ಕೈಯಲ್ಲಿತ್ತು.

ಒಳಗೆ ಆಗುವುದೇನು

ಬ್ಯಾಕ್ಟೀರಿಯಾ ಗರ್ಭಕೋಶಕ್ಕೆ, ಅಲ್ಲಿಂದ ಅಂಡನಾಳಗಳಿಗೆ ಏರಿದರೆ ಅದೇ ಕಿಬ್ಬೊಟ್ಟೆಯ ಸೋಂಕು. ನಮ್ಮ ಆಸ್ಪತ್ರೆಗಳಲ್ಲಿ ಪಿಐಡಿ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಕೆಳಹೊಟ್ಟೆ ನೋವು, ಜ್ವರ, ವಾಸನೆಯ ಬಿಳಿಮುಟ್ಟು, ಸಂಭೋಗದ ಹೊತ್ತಿನಲ್ಲಿ ನೋವು, ನಡುನಡುವೆ ರಕ್ತ ಕಾಣುವುದು ಇದರ ಲಕ್ಷಣ. ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ. ಅಂಡನಾಳ ಕಡ್ಡಿಯಷ್ಟು ಸಣ್ಣದು. ಒಳಗೆ ಒಮ್ಮೆ ಗಾಯವಾಗಿ ಮಾಗಿದರೆ ದಾರಿ ಮುಚ್ಚಿಕೊಳ್ಳಬಹುದು. ಆಮೇಲೆ ಮಕ್ಕಳಾಗುವುದು ಕಷ್ಟ. ಅರ್ಧ ಮುಚ್ಚಿದ್ದರೆ ನಾಳದಲ್ಲೇ ಬಸಿರು ನಿಲ್ಲುವ ಅಪಾಯ. ಡಾಲ್ಕನ್ ಶೀಲ್ಡ್ ಹಾಕಿಸಿಕೊಂಡವರಲ್ಲಿ ಎಷ್ಟೋ ಜನ ಇನ್ನೂ ಒಂದು ಮಗುವನ್ನೂ ಹೆತ್ತಿರದ ಹುಡುಗಿಯರು. ಇನ್ನೂ ಹೆರದವರಿಗೂ ಸರಿಹೊಂದುವ ಚಿಕ್ಕ ಅಳತೆಯದನ್ನು ಕಂಪನಿ ಬೇರೆಯಾಗಿಯೇ ಮಾರುತ್ತಿತ್ತು.

ಸಾವುಗಳು ಬಂದದ್ದು ಇನ್ನೊಂದು ದಾರಿಯಿಂದ. ಶೇ 1.1 ಸುಳ್ಳಾಗಿತ್ತು, ಅಂದರೆ ವಂಕಿ ಇದ್ದೂ ಬಸಿರಾದವರು ಬಹಳ. ಗರ್ಭಕೋಶ ಬೆಳೆಯುತ್ತಾ ಹೋದಂತೆ ದಾರವೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ತುಂಬಿದ ದಾರ ಬಸಿರಿನ ಪಕ್ಕದಲ್ಲೇ ಬಂದು ಕೂರುತ್ತದೆ. ನಾಲ್ಕೈದನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಗರ್ಭಪಾತ, ರಕ್ತಕ್ಕೆ ನಂಜು. ಮೊದಲಿಗೆ ಫ್ಲೂ ಬಂದಿದೆ ಅನ್ನಿಸುವಷ್ಟು ಸಾಧಾರಣ ಜ್ವರ, ಒಂದೆರಡು ದಿನದಲ್ಲೇ ಪ್ರಾಣಕ್ಕೆ ಸಂಚಕಾರ. ಅರಿಜೋನಾದ ಪ್ರಸೂತಿ ತಜ್ಞ ಡೊನಾಲ್ಡ್ ಕ್ರಿಶ್ಚಿಯನ್ ಇಂಥ ಸಾವುಗಳನ್ನು ಒಟ್ಟು ಮಾಡಿ 1974ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ಈ ಅಪಾಯದ ಬಗ್ಗೆ ಡಾಕ್ಟರುಗಳಿಗೆ ಕಾಗದ ಬರೆಯಿತು. ಜೂನ್ 28ರಂದು ಸರ್ಕಾರದ ಒತ್ತಾಯದ ಮೇಲೆ ಅಮೆರಿಕದಲ್ಲಿ ಮಾರಾಟ ನಿಲ್ಲಿಸಿತು.

ಮಾರಾಟ ನಿಂತಿತು ಅಷ್ಟೇ. ಈಗಾಗಲೇ ಒಳಗಿದ್ದವನ್ನು ತೆಗೆಸಿಕೊಳ್ಳಿ ಎಂದು ಕಂಪನಿ ಹೇಳಲಿಲ್ಲ. ತೆಗೆಯಿರಿ ಎಂದು ಡಾಕ್ಟರುಗಳಿಗೆ ಕಾಗದ ಹೋದದ್ದು 1980ರಲ್ಲಿ. ನಾವೇ ಖರ್ಚು ಕೊಡುತ್ತೇವೆ, ತೆಗೆಸಿಕೊಳ್ಳಿ ಎಂದು ಹೆಂಗಸರಿಗೇ ತಿಳಿಸಿದ್ದು 1984ರಲ್ಲಿ. ನಡುವಿನ ಹತ್ತು ವರ್ಷ ಎಷ್ಟೋ ಜನರ ಒಳಗೆ ಅದು ಹಾಗೇ ಇತ್ತು. ಅಮೆರಿಕದ ಹೊರಗಿನವರ ಕತೆ ಇನ್ನೂ ಬೇರೆ. ಅಮೆರಿಕದ ನೆರವು ಯೋಜನೆಯ ಮೂಲಕ ಬಡ ದೇಶಗಳಿಗೆ ಹೋದವುಗಳಲ್ಲಿ ಸ್ಟೆರಿಲೈಸ್ ಮಾಡದ, ಅಂದರೆ ರೋಗಾಣು ಕೊಂದು ಶುದ್ಧ ಮಾಡದ, ಸಗಟು ಪೊಟ್ಟಣಗಳೂ ಇದ್ದವು.

ಲೆಕ್ಕ ಹೇಳಿದ್ದು, ಆಮೇಲೆ ತಿದ್ದಿದ್ದು

ಇಲ್ಲಿಂದ ಮುಂದಿನದು ನಮ್ಮಂಥ ಓದುಗರಿಗೆ ಜಾಸ್ತಿ ಮುಖ್ಯ. ಯಾಕೆಂದರೆ ವಂಕಿ ಹಾಕಿಸಿದರೆ ಸೋಂಕಾಗುತ್ತೆ ಎಂಬ ಮಾತಿಗೆ ಡಾಕ್ಟರುಗಳ ನಡುವೆ ಬಲ ಬಂದದ್ದು ಈ ಕಾಲದ ಅಧ್ಯಯನಗಳಿಂದ.

1976ರಿಂದ 1978ರವರೆಗೆ ಅಮೆರಿಕದ 9 ನಗರಗಳ 16 ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಕಿಬ್ಬೊಟ್ಟೆ ಸೋಂಕಿನಿಂದ ದಾಖಲಾದವರನ್ನೂ ಬೇರೆ ಕಾರಣಕ್ಕೆ ದಾಖಲಾದವರನ್ನೂ ಹೋಲಿಸಿ, ಯಾರು ಯಾವ ಗರ್ಭನಿರೋಧಕ ಬಳಸುತ್ತಿದ್ದರು ಎಂದು ನೋಡಿದರು. ಅದರ ಅಂಕಿಗಳನ್ನು ವಂಕಿಯ ಬಗೆಯ ಪ್ರಕಾರ ಬಿಡಿಸಿ 1983ರಲ್ಲಿ ಪ್ರಕಟಿಸಿದರು. ಏನನ್ನೂ ಬಳಸದವರಿಗಿಂತ ಡಾಲ್ಕನ್ ಶೀಲ್ಡ್ ಇದ್ದವರಿಗೆ ಸೋಂಕಿನ ಅಪಾಯ 8.3 ಪಟ್ಟು. ಬೇರೆ ವಂಕಿ ಇದ್ದವರಿಗೆ 1.6 ಪಟ್ಟು. ಈ ಸಣ್ಣ ಹೆಚ್ಚಳವೂ ಕಂಡದ್ದು ಹಾಕಿಸಿಕೊಂಡ ಮೊದಲ ನಾಲ್ಕು ತಿಂಗಳಲ್ಲಿ.

ಇದಕ್ಕೂ ಹಿಂದಿನ ಎಷ್ಟೋ ಅಧ್ಯಯನಗಳು ಎಲ್ಲ ವಂಕಿಗಳನ್ನೂ ಒಂದೇ ಗುಂಪಿಗೆ ಸೇರಿಸಿದ್ದವು. ಡಾಲ್ಕನ್ ಶೀಲ್ಡ್‌ನ ಪಾಪ ಉಳಿದವುಗಳ ಲೆಕ್ಕಕ್ಕೂ ಬಿತ್ತು. ಹೋಲಿಕೆಯಲ್ಲೂ ಒಂದು ಎಡವಟ್ಟು ಇತ್ತು. ವಂಕಿ ಹಾಕಿಸಿಕೊಂಡವರನ್ನು ಗುಳಿಗೆ ನುಂಗುವವರ ಜೊತೆ, ಕಾಂಡೋಮ್ ಬಳಸುವವರ ಜೊತೆ ಹೋಲಿಸುತ್ತಿದ್ದರು. ಕಾಂಡೋಮ್ ಸೋಂಕನ್ನು ನೇರವಾಗಿ ತಡೆಯುತ್ತದೆ. ಗುಳಿಗೆ ತಿನ್ನುವವರಲ್ಲಿ ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗುತ್ತದೆ, ಆಸ್ಪತ್ರೆಗೆ ಸೇರುವಂಥ ಸೋಂಕು ಅವರಲ್ಲಿ ಕಡಿಮೆ. ರಕ್ಷಣೆ ಇರುವವರ ಪಕ್ಕ ನಿಲ್ಲಿಸಿದರೆ ಯಾರೇ ಆದರೂ ಅಪಾಯದಲ್ಲಿದ್ದಂತೆಯೇ ಕಾಣುತ್ತಾರೆ, ಅಲ್ವಾ?

1988ರಲ್ಲಿ ಅದೇ ಅಧ್ಯಯನದ ಅಂಕಿಗಳನ್ನು ಡಾಲ್ಕನ್ ಶೀಲ್ಡ್‌ನವರನ್ನು ಬಿಟ್ಟು ಮತ್ತೆ ನೋಡಿದರು. ಮದುವೆಯಾಗಿ ಅಥವಾ ಜೊತೆಗಿದ್ದು ಒಬ್ಬನೇ ಸಂಗಾತಿ ಇದ್ದ ಹೆಂಗಸರಲ್ಲಿ ವಂಕಿಯಿಂದ ಹೇಳಿಕೊಳ್ಳುವಂಥ ಹೆಚ್ಚಳ ಇರಲಿಲ್ಲ. ಲೈಂಗಿಕವಾಗಿ ಹರಡುವ ಕ್ಲಮೈಡಿಯಾ, ಗೊನೊರಿಯಾಗಳೇ ಮುಖ್ಯ ಕಾರಣ ಎಂಬ ಮಾತಿಗೆ ಇದು ಹೊಂದುತ್ತಿತ್ತು. ಒಂದು ಮಾತು ಇಲ್ಲೇ ಸೇರಿಸಬೇಕು. ಒಬ್ಬನೇ ಸಂಗಾತಿ ಇದ್ದಾನೆ ಎಂದು ಹೆಂಗಸನ್ನು ಮಾತ್ರ ಕೇಳಿ ಬರೆದುಕೊಂಡರೆ ಸಾಲದು. ಗಂಡನ ಲೆಕ್ಕ ಯಾರು ಕೇಳುತ್ತಾರೆ? ಸೋಂಕು ಮನೆಗೆ ಬರುವುದು ಅವನಿಂದಲೂ ಇರಬಹುದು.

ನಿಜವಾದ ಚಿತ್ರ ಕೊಟ್ಟದ್ದು 1992ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಲವು ದೇಶಗಳಲ್ಲಿ ಹಾಕಿದ 22,908 ವಂಕಿಗಳ ಮಾಹಿತಿ ಅದರಲ್ಲಿತ್ತು. ಸಾವಿರ ಹೆಂಗಸರನ್ನು ಒಂದು ವರ್ಷ ಗಮನಿಸಿದರೆ ಕಿಬ್ಬೊಟ್ಟೆ ಸೋಂಕು ಸರಾಸರಿ 1.6 ಮಂದಿಗೆ. ಹಾಕಿದ ಮೊದಲ 20 ದಿನಗಳಲ್ಲಿ ಅಪಾಯ ಆಮೇಲಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು. ನಂತರ ಕೆಳಗಿಳಿದು ಎಂಟು ವರ್ಷದವರೆಗೂ ಅಷ್ಟರಲ್ಲೇ ಉಳಿಯುತ್ತದೆ. ಅಂದರೆ ತೊಂದರೆ ಇರುವುದು ವಂಕಿ ಒಳಗೆ ಕೂತಿರುವುದರಲ್ಲಿ ಅಲ್ಲ. ಹಾಕುವಾಗ ಕೆಳಗಿನ ಬ್ಯಾಕ್ಟೀರಿಯಾ ಮೇಲಕ್ಕೆ ಹೋಗುವುದರಲ್ಲಿ. ಒಳಗೆ ಮೊದಲೇ ಸೋಂಕು ಇದ್ದರಂತೂ ಇನ್ನೂ ಕೆಟ್ಟದು. 2001ರಲ್ಲಿ ಮೆಕ್ಸಿಕೋದಿಂದ ಬಂದ ಅಧ್ಯಯನವೂ ಇದಕ್ಕೆ ಒತ್ತು ಕೊಟ್ಟಿತು. ನಾಳ ಮುಚ್ಚಿ ಮಕ್ಕಳಾಗದವರಲ್ಲಿ ಹಿಂದೆ ಕ್ಲಮೈಡಿಯಾ ಬಂದ ಗುರುತು ಹೆಚ್ಚಾಗಿ ಸಿಕ್ಕಿತು. ತಾಮ್ರದ ವಂಕಿ ಬಳಸಿದ್ದಕ್ಕೂ ಮಕ್ಕಳಾಗದ್ದಕ್ಕೂ ನಂಟು ಕಾಣಲಿಲ್ಲ.

ಹಾಗಾದರೆ ಡಾಲ್ಕನ್ ಶೀಲ್ಡ್‌ನಲ್ಲಿ ಎಲ್ಲ ಪಾಪವೂ ದಾರದ್ದೇ? ಪಾಪ್ಯುಲೇಷನ್ ಕೌನ್ಸಿಲ್ ಎಂಬ ಸಂಶೋಧನಾ ಸಂಸ್ಥೆಯ ಹೊವರ್ಡ್ ಟೇಟಮ್ 1975ರಲ್ಲೇ ಹೆಂಗಸರಿಂದ ತೆಗೆದ ದಾರಗಳನ್ನು ಸೀಳಿ ನೋಡಿ, ಕೊಳವೆಯೊಳಗೆ ಬ್ಯಾಕ್ಟೀರಿಯಾ ತೋರಿಸಿದ್ದರು. ಇಂಗ್ಲಿಷಿನ ಟಿ ಅಕ್ಷರದ ವಂಕಿಯನ್ನು ರೂಪಿಸಿದವರೂ ಇದೇ ಟೇಟಮ್. ಹಾಗಾಗಿ ಅವರನ್ನು ಪೂರ್ತಿ ಹೊರಗಿನವರು ಅನ್ನಲಾಗದು. 8.3 ಎಂಬ ಅಂಕಿಯ ಬಗ್ಗೆಯೂ 1991ರಲ್ಲಿ ತಕರಾರು ಬಂತು. ಬಸಿರಿಯರ ಸಾವಿನ ಮಟ್ಟಿಗೆ ದಾರದ ವಿವರಣೆ ಗಟ್ಟಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಬಸಿರಿಲ್ಲದವರ ಸೋಂಕಿನಲ್ಲಿ ದಾರದ ಪಾಲು ಎಷ್ಟು, ಹಾಕುವಾಗಿನ ಕಷ್ಟದ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ.

ಕೋರ್ಟು, ಮತ್ತು ಆಮೇಲಿನ ಖಾಲಿ ಕಪಾಟು

ಕೇಸು ಹಾಕಿದ ಹೆಂಗಸರನ್ನು ಕಂಪನಿಯ ವಕೀಲರು ಏನೇನು ಕೇಳಿದರು ಎಂಬುದು ದಾಖಲೆಯಲ್ಲಿದೆ. ಎಷ್ಟು ಗಂಡಸರ ಜೊತೆ ಮಲಗಿದ್ದೀರಿ, ಹೇಗೆ, ಶೌಚ ಮಾಡಿ ಯಾವ ಕಡೆಯಿಂದ ಒರೆಸಿಕೊಳ್ಳುತ್ತೀರಿ. ನಿನ್ನ ನಡತೆಯಿಂದಲೇ ಸೋಂಕು ಬಂತು ಎಂದು ತೋರಿಸುವ ತಂತ್ರ ಅದು. ಎಷ್ಟೋ ಜನ ನಾಚಿ ಹಿಂದೆ ಸರಿದರು. 1984ರ ಫೆಬ್ರುವರಿ 29ರಂದು ಮಿನ್ನಿಯಾಪೊಲಿಸ್‌ನ ನ್ಯಾಯಾಧೀಶ ಮೈಲ್ಸ್ ಲಾರ್ಡ್ ಕಂಪನಿಯ ಮೂವರು ಹಿರಿಯರನ್ನು ಎದುರಿಗೆ ನಿಲ್ಲಿಸಿಕೊಂಡು ಛೀಮಾರಿ ಹಾಕಿದರು. ಮೇಲಿನ ಕೋರ್ಟು ಆ ಮಾತುಗಳನ್ನು ಕಡತದಿಂದ ತೆಗೆಸಿತು. ಆದರೆ ಅಷ್ಟರಲ್ಲಿ ದೇಶವೆಲ್ಲ ಅದನ್ನು ಓದಿಯಾಗಿತ್ತು.

1985ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿತು. ಮೂರು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಪರಿಹಾರಕ್ಕೆ 247.5 ಕೋಟಿ ಡಾಲರ್ ಎತ್ತಿಡಬೇಕೆಂದು ಕೋರ್ಟು ಹೇಳಿತು. 1989ರಲ್ಲಿ ಇನ್ನೊಂದು ದೊಡ್ಡ ಔಷಧಿ ಕಂಪನಿ ಇದನ್ನು ಕೊಂಡಿತು, ಷೇರುದಾರರಿಗೆ ಒಳ್ಳೆಯ ಬೆಲೆಯೇ ಸಿಕ್ಕಿತು. ಹೆಚ್ಚು ಕಾಗದಪತ್ರ ಕೊಡಲಾಗದ ಹೆಂಗಸಿಗೆ ಸಿಕ್ಕಿದ್ದು 725 ಡಾಲರ್. ಒಂದೇ ಒಳ್ಳೆಯ ಫಲ 1976ರ ಕಾನೂನು. ಅಂದಿನಿಂದ ದೇಹದೊಳಗೆ ಇಡುವ ಇಂಥ ಸಾಧನಗಳಿಗೆ ಅಮೆರಿಕದಲ್ಲಿ ಮುಂಚಿತ ಪರಿಶೀಲನೆ ಬಂತು.

ಆದರೆ ಹೆದರಿದ ಉಳಿದ ಕಂಪನಿಗಳೂ ತಮ್ಮ ವಂಕಿಗಳನ್ನು ಮಾರುಕಟ್ಟೆಯಿಂದ ತೆಗೆದವು. ಒಳ್ಳೆಯ ದಾರ ಇದ್ದವೂ ಹೋದವು. 1986ರಲ್ಲಿ ಅಮೆರಿಕದಲ್ಲಿ ಉಳಿದದ್ದು ವರ್ಷವರ್ಷ ಬದಲಿಸಬೇಕಾದ ಒಂದೇ ಒಂದು ಬಗೆ. 1988ರಲ್ಲಿ ಕಾಪರ್-ಟಿ 380ಎ ಬಂದರೂ ನಂಬಿಕೆ ಬರಲಿಲ್ಲ. 1995ರ ಹೊತ್ತಿಗೆ ಅಲ್ಲಿ ಗರ್ಭನಿರೋಧಕ ಬಳಸುವವರಲ್ಲಿ ವಂಕಿ ಇದ್ದವರು ಶೇ 1ಕ್ಕೂ ಕಡಿಮೆ.

ನಮ್ಮ ಕಡೆ

ಭಾರತದ ಕತೆಯ ಸಾಧನ ಬೇರೆ. ಇಲ್ಲಿ 1965ರಲ್ಲಿ ಬಂದದ್ದು ಲಿಪ್ಪೀಸ್ ಲೂಪ್ ಎಂಬ ವಂಕಿ. ಅದರ ದಾರ ಒಂದೇ ಎಳೆಯದು. ಆದರೂ ಅದು ಬೇಗ ಹೆಸರು ಕೆಡಿಸಿಕೊಂಡಿತು. ಗುರಿ ಮುಟ್ಟುವ ಅವಸರದಲ್ಲಿ ಕ್ಯಾಂಪುಗಳಲ್ಲಿ ಹಾಕಿದರು. ಆಮೇಲೆ ರಕ್ತ ಹೋಗುತ್ತಿದೆ, ನೋವು ಎಂದು ಬಂದವರನ್ನು ನೋಡಲು ಜನ ಇರಲಿಲ್ಲ. 1930ರಲ್ಲೇ ಸರ್ಕಾರದ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು ನಮ್ಮ ಮೈಸೂರು ಸಂಸ್ಥಾನ. ಅಂಥ ನಾಡಿನಲ್ಲಿ ಇವತ್ತಿಗೂ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಜಾಸ್ತಿ ಜನರ ದಾರಿ ಆಪರೇಷನ್ ಒಂದೇ. ವಂಕಿ ಹಾಕಿಸಿಕೊಂಡವರು ಕೆಲವೇ ಮಂದಿ. ಗರ್ಭಕೋಶ ಹುಣ್ಣಾಗುತ್ತೆ, ಮೇಲಕ್ಕೆ ಹತ್ತಿಬಿಡುತ್ತೆ ಎನ್ನುವ ಮಾತು ಅತ್ತೆಯಿಂದ ಸೊಸೆಗೆ ಹೋಗುತ್ತಲೇ ಇದೆ.

ಈಗ ಆರೋಗ್ಯ ಕೇಂದ್ರಗಳಲ್ಲಿ ಹಾಕುವ ಕಾಪರ್-ಟಿಯ ದಾರವೂ ಒಂದೇ ಎಳೆಯದು, ಅಂದರೆ ಬತ್ತಿಯ ತೊಂದರೆ ಅದಕ್ಕಿಲ್ಲ. ಹಾಕುವ ಮೊದಲು ನರ್ಸ್ ಅಥವಾ ಡಾಕ್ಟರು ಒಳಗೆ ನೋಡಲೇಬೇಕು. ಗರ್ಭಕೋಶದ ಬಾಯಲ್ಲಿ ಕೀವು ಕಂಡರೆ, ಕಿಬ್ಬೊಟ್ಟೆ ಸೋಂಕು ಆಗಲೇ ಇದ್ದರೆ, ಹೆರಿಗೆ ಅಥವಾ ಗರ್ಭಪಾತದ ನಂಜು ಇದ್ದರೆ ಮೊದಲು ಅದು ವಾಸಿಯಾಗಬೇಕು. ನೋಡದೆ ಹಾಕಲು ಬಂದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಹಾಕಿದ ಮೇಲೆ ಮೊದಲ ಮೂರು ವಾರ ಜ್ವರ, ಕೆಳಹೊಟ್ಟೆ ನೋವು, ವಾಸನೆಯ ಬಿಳಿಮುಟ್ಟು ಬಂದರೆ ಸುಮ್ನೆ ಮನೆಮದ್ದು ಮಾಡುತ್ತಾ ಕೂರಬಾರದು. ಗಂಡನಿಂದ ಸೋಂಕು ಬರಬಹುದು ಎಂಬ ಸಂಶಯ ಇದ್ದರೆ ವಂಕಿ ಇದ್ದರೂ ಕಾಂಡೋಮ್ ಬೇಕು. ವಂಕಿಯಾಗಲಿ, ಗುಳಿಗೆಯಾಗಲಿ, ಆಪರೇಷನ್ ಆಗಲಿ ಲೈಂಗಿಕ ಸೋಂಕನ್ನು ತಡೆಯುವುದಿಲ್ಲ.

ಒಳಗೆ ವಂಕಿ ಇದ್ದಾಗ ಕಿಬ್ಬೊಟ್ಟೆ ಸೋಂಕು ಬಂದರೆ ಕೂಡಲೇ ಕಿತ್ತು ಹಾಕಬೇಕೆಂದೇನಿಲ್ಲ. ಆಂಟಿಬಯೋಟಿಕ್ ಶುರು ಮಾಡಿ ಎರಡು ಮೂರು ದಿನದಲ್ಲಿ ಮತ್ತೆ ನೋಡುತ್ತಾರೆ. ಕಡಿಮೆಯಾಗದಿದ್ದರೆ ತೆಗೆಯುವ ಮಾತು. ಚಿಕಿತ್ಸೆ ಸಂಗಾತಿಗೂ ಆಗಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ.

ವಂಕಿ ಇದ್ದೂ ಮುಟ್ಟು ನಿಂತರೆ ಮಾತ್ರ ಕಾಯುವಂತಿಲ್ಲ. ಬಸಿರು ನಾಳದಲ್ಲಿ ನಿಂತಿದೆಯಾ ಎಂದು ಸ್ಕ್ಯಾನ್ ಮಾಡಿಸಬೇಕು. ಗರ್ಭಕೋಶದಲ್ಲೇ ಇದ್ದು ದಾರ ಕಾಣುತ್ತಿದ್ದರೆ, ಬಸಿರು ಉಳಿಸಿಕೊಳ್ಳುವ ಆಸೆ ಇದ್ದರೂ ಮೊದಲ ಮೂರು ತಿಂಗಳಲ್ಲೇ ವಂಕಿಯನ್ನು ತೆಗೆಸುವುದು ಈಗಿನ ಸಲಹೆ. ತೆಗೆಯುವಾಗ ಗರ್ಭಪಾತ ಆಗುವ ಸ್ವಲ್ಪ ಅಪಾಯ ಇದೆ, ಅದನ್ನು ಡಾಕ್ಟರು ಮುಂಚೆಯೇ ಹೇಳುತ್ತಾರೆ. 1974ಕ್ಕೆ ಮೊದಲು ಎಷ್ಟೋ ಡಾಕ್ಟರುಗಳು ಅದನ್ನು ಒಳಗೇ ಬಿಡುತ್ತಿದ್ದರು.